ಅರಿಸಿನದ ದಾರ, ಹನ್ನೆರಡು ಮಣಿಸರ

ನನ್ನ ಮೊಮ್ಮಗಳು ಟೀಚರ್ ಆದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಚಾಮರಾಜನಗರದ ತರಬೇತಿ ಕೇಂದ್ರದಲ್ಲಿ ಬರುವ ಸೋಮವಾರದಿಂದ ಮಣಿಯ ಆಭರಣ ಮಾಡುವುದನ್ನು ಹೇಳಿಕೊಡುವವಳು ಬೇರೆ ಯಾರೂ ಅಲ್ಲ, ನಮ್ಮ ಮನೆಯ ಕೂಸು. ನಿನ್ನೆ ಮಧ್ಯಾಹ್ನ ಬಸ್ಸಿಳಿದು ಓಡಿಕೊಂಡು ಬಂದವಳು ಚಪ್ಪಲಿಯನ್ನೂ ಬಿಡದೆ ನಡುಮನೆಗೆ ನುಗ್ಗಿದಳು. ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ.

“ಅಜ್ಜೀ, ನಂಗೇ ಕೊಟ್ರು ಕಣಜ್ಜಿ!”

“ಏನ್ ಕೊಟ್ರಮ್ಮಿ?”

“ಟೀಚರ್ ಕೆಲ್ಸವ! ಮಣಿ ಕ್ಲಾಸು ಇನ್ಮ್ಯಾಲ ನಂದೇ!”

ಹುಣಸೆಹಣ್ಣಿನ ಕೈಯಲ್ಲೇ ಅವಳ ಎರಡು ಕೆನ್ನೆ ಹಿಡಿದುಕೊಂಡೆ. ಅವಳ ಮುಖವೆಲ್ಲ ಅಂಟಂಟು. ಆಮೇಲೆ ಬೀದಿಗೆ ಇಳಿದು ಎಡಗಡೆಯ ಮನೆಗಳಿಗೂ ಬಲಗಡೆಯ ಮನೆಗಳಿಗೂ ಹೇಳಿಬಂದೆ. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ, ನನಗೆ ಗುರುತೇ ಇಲ್ಲದ ಇಬ್ಬರಿಗೂ ಹೇಳಿದೆ. ಅವರೂ ಪಾಪ “ಒಳ್ಳೇದಾಯ್ತು ಬುಡವ್ವ” ಎಂದರು.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ನನ್ನ ಅಕ್ಷರ ದಪ್ಪ, ಸಾಲು ಓರೆ. ಆದರೂ ಇವತ್ತು ಬೆಳಿಗ್ಗೆ ಅವಳದೇ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ. ಇದಕ್ಕಾಗಿ ಅವಳು ಮಣಿ ಪೋಣಿಸಿದ ಒಂಬತ್ತು ದಿನದಲ್ಲಿ ನಮ್ಮ ಮನೆಯಲ್ಲಿ ಏನೇನಾಯಿತು, ಆ ಹುಡುಗಿ ಹೇಗೆ ಕೆಲಸ ಮಾಡಿದಳು, ನಾನು ಎಂಥ ಎಡವಟ್ಟು ಮಾಡಿದೆ ಎನ್ನುವುದನ್ನು ಬರೆದಿಡುತ್ತೇನೆ. ಮನೆಯಲ್ಲೇ ಕೂತು ಮಣಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಇದರಲ್ಲಿ ಒಂದೆರಡು ಮಾತಾದರೂ ಉಪಯೋಗಕ್ಕೆ ಬಂದೀತು.

ನಮ್ಮದು ತೆರಕಣಾಂಬಿ. ರಸ್ತೆಯ ಈ ಬದಿಗೆ ನಿಂತರೆ ಗುಂಡ್ಲುಪೇಟೆ ಬಸ್ಸು, ಆ ಬದಿಗೆ ನಿಂತರೆ ಚಾಮರಾಜನಗರದ ಬಸ್ಸು. ಮೊಮ್ಮಗಳು ಎರಡನೇ ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದಳು. ಮತ್ತೆ ಕಟ್ಟಿದಳು, ಮತ್ತೂ ಫೇಲಾದಳು. ಆಮೇಲೆ ಯಾರ ಮದುವೆಗೆ ಕರೆದರೂ ಬರುತ್ತಿರಲಿಲ್ಲ. “ಏನ್ ಓದ್ತಾ ಇದ್ದೀಯೇ” ಎಂದು ಕೇಳುತ್ತಾರಲ್ಲ, ಅದಕ್ಕೆ. ಹೀಗಿರುವಾಗ ಚಾಮರಾಜನಗರದಲ್ಲಿ ಒಂದು ತಿಂಗಳು ಮಣಿ ಆಭರಣ ಹೇಳಿಕೊಡುತ್ತಾರೆಂದು ನನ್ನ ಸೊಸೆ ಅವರ ಮಹಿಳಾ ಸಂಘದಲ್ಲಿ ಕೇಳಿಕೊಂಡು ಬಂದು, ಇವಳನ್ನು ಬಲವಂತವಾಗಿ ಕಳಿಸಿದಳು. ನನ್ನ ಮಗ ಲೈನ್‌ಮನ್ ಕೆಲಸದವನು, ಬಾಯಿ ಜೋರು.

“ಮಣಿ ಪೋಣ್ಸದ್ ಕಲಿಯಕ್ಕ ಬಸ್ ಅತ್ಕಂಡ್ ಓಗ್ಬೇಕಾ? ನಿಮ್ಮಜ್ಜಿ ಮನೇಲೇ ಕೂತ್ಕಂಡು ಬೀದಿ ಎಂಗಸ್ರಿಗೆಲ್ಲ ಕರಿಮಣಿ ಪೋಣ್ಸಿ ಕೊಡ್ತಾಳಲ್ಲ, ಅವಳ್ಗೆ ಯಾವ ಸರ್ಟಿಫಿಕೇಟ್ ಕೊಟ್ಟವ್ರ?” ಎಂದು ದಿನಾ ರೇಗಿಸುತ್ತಿದ್ದ.

ಇವಳು ದಿನಾ ಬಸ್ಸು ಹತ್ತಿ ಹೋಗಿ ಬಂದಳು. ತಿಂಗಳು ಮುಗಿಯುವ ಹೊತ್ತಿಗೆ ಅಲ್ಲಿನ ಮೇಡಂ ಇಬ್ಬರನ್ನು ಆರಿಸಿದರು. ಒಬ್ಬಳು ಚಾಮರಾಜನಗರದವಳೇ, ಇನ್ನೊಬ್ಬಳು ಇವಳು. ಮುಂದಿನ ತಂಡಕ್ಕೆ ಕಲಿಸಲು ಒಬ್ಬರು ಬೇಕು, ಆ ಒಬ್ಬರು ಯಾರೆಂದು ಒಂದು ಕೆಲಸ ಕೊಟ್ಟು ನೋಡುತ್ತೇನೆ ಎಂದರಂತೆ. ಕೆಲಸ ಇದು: ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಣ್ಣುಮಕ್ಕಳ ಎರಡು ತಂಡ ಕೋಲಾಟ ಆಡುತ್ತದೆ. ಒಂದೊಂದು ತಂಡದಲ್ಲಿ ಹನ್ನೆರಡು ಮಕ್ಕಳು. ಒಂದು ತಂಡಕ್ಕೆ ಅವಳು, ಒಂದು ತಂಡಕ್ಕೆ ಇವಳು, ತಲಾ ಹನ್ನೆರಡು ಜೊತೆ ಆಭರಣ ಮಾಡಬೇಕು. ಕೊರಳಿಗೆ ಎರಡೆಳೆ ಸರ, ಕೈಗೆ ಒಂದು ಪಟ್ಟಿ. ಹನ್ನೆರಡೂ ಒಂದೇ ಥರ ಇರಬೇಕು, ಕುಣಿಯುವಾಗ ಒಂದು ಮಣಿಯೂ ಉದುರಬಾರದು. ಶುಕ್ರವಾರ ಸಂಜೆ ಹೇಳಿ ಕಳಿಸಿದರು. ಮರುವಾರದ ಭಾನುವಾರ ಬೆಳಿಗ್ಗೆ ತಂದೊಪ್ಪಿಸಬೇಕು.

ಅವತ್ತು ಸಂಜೆ ಅವಳು ನನ್ನ ಪಕ್ಕ ಕೂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಅಜ್ಜಿ, ಒಂದ್ರಲ್ಲಾದ್ರೂವ ನಾನು ಪಾಸಾಗ್ಬೇಕು ಕಣಜ್ಜಿ.”

ಶನಿವಾರ ಅವಳು ಒಂದು ಮಣಿಯನ್ನೂ ಪೋಣಿಸಲಿಲ್ಲ. ನನಗೆ ಚಡಪಡಿಕೆ. ಅವಳೋ, ಗುಂಡ್ಲುಪೇಟೆಯಿಂದ ಮಣಿ ಕೊಂಡು ತಂದು, ಬಿಳಿ ಬಟ್ಟೆಯ ತುಂಡುಗಳನ್ನು ಒದ್ದೆ ಮಾಡಿ, ಒಂದೊಂದರಲ್ಲಿ ಒಂದೊಂದು ಬಣ್ಣದ ನಾಲ್ಕು ಮಣಿ ಗಂಟು ಕಟ್ಟಿ, ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟಳು.

“ಇದ್ಯಾವ ಪೂಜೆ ಕಣಮ್ಮಿ?” ಎಂದೆ.

“ಬಣ್ಣ ಬಿಡ್ತದಾ ಅಂತ ನೋಡದು. ನಾಳೆ ಬೆಳಿಗ್ಗೆ ಗಂಟ ಬುಟ್ಬುಡು, ಮುಟ್ಬ್ಯಾಡ.”

ಭಾನುವಾರ ಬಿಚ್ಚಿ ನೋಡಿದರೆ ಮುತ್ತಿನಂಥ ಬಿಳಿ ಮಣಿಯ ಬಟ್ಟೆ ಬಿಳಿಯಾಗೇ ಇತ್ತು. ಗಾಜಿನ ಹರಳು ಮಣಿಯದೂ ಹಾಗೇ. ಕೆಂಪು ಮಣಿಯ ಬಟ್ಟೆ ಮಾತ್ರ ವೀಳ್ಯದೆಲೆ ಜಗಿದು ಉಗಿದಂತಾಗಿತ್ತು. “ಅಯ್ಯೋ ಶಿವನೇ” ಎಂದೆ ನಾನು. ಅವಳು ಮಾತ್ರ ಸಮಾಧಾನವಾಗಿ, “ಈಗ್ಲೇ ಗೊತ್ತಾಯ್ತಲ್ಲ, ಸದ್ಯ” ಎಂದಳು. ಮಕ್ಕಳಿಗೆ ಬಿಳಿ ರೇಷ್ಮೆ ರವಿಕೆಯಂತೆ. ಕುಣಿದು ಬೆವರಿದ ಮೇಲೆ ಆ ಕೆಂಪು ರವಿಕೆಗೆ ಇಳಿದಿದ್ದರೆ ಯಾರು ಉತ್ತರ ಹೇಳುವುದು?

ಸೋಮವಾರ ಅವಳ ಜೊತೆ ಗುಂಡ್ಲುಪೇಟೆಗೆ ನಾನೂ ಹೋದೆ. ಮಣಿ ಕೊಂಡಿದ್ದ ಫ್ಯಾನ್ಸಿ ಅಂಗಡಿಯವರು ಕೇರಳದ ಕಡೆಯ ಹಿರಿಯರು, ಕನ್ನಡವನ್ನು ಅವರ ರಾಗದಲ್ಲೇ ಆಡುತ್ತಾರೆ. ಕೆಂಪಾದ ಬಟ್ಟೆ ತೋರಿಸಿದಾಗ ಅವರು ನಕ್ಕುಬಿಟ್ಟರು.

“ಇದು ಫಂಕ್ಷನ್‌ಗೆ ಹಾಕೋದು, ಬಿಚ್ಚಿಡೋದು, ಅಲ್ಲೇ? ನೀರಿಗೆ ಹಾಕಿದ್ರೆ ಬಣ್ಣ ಹೋಗದೆ ಏನು ಮಾಡ್ತದೆ?”

ನಾನು ಜಗಳಕ್ಕೆ ಸೆರಗು ಕಟ್ಟುತ್ತಿದ್ದೆ. ಮೊಮ್ಮಗಳು ನನ್ನ ಕೈ ಅದುಮಿ, ಬೇರೆ ಕೆಂಪು ಮಣಿ ತೋರಿಸಿ ಎಂದಳು. ಅವರು ಮೂರು ಪೊಟ್ಟಣ ಬಿಚ್ಚಿದರು. ಇವಳು ಒಂದೊಂದರಿಂದ ಒಂದು ಮಣಿ ತೆಗೆದು, ಬೆಳಕಿಗೆ ಹಿಡಿದು ತೂತಿನ ಒಳಗೆ ನೋಡಿದಳು. ಆಮೇಲೆ ಸೂಜಿಯಿಂದ ತೂತಿನ ಅಂಚನ್ನು ಕೆರೆದಳು. ಹೊರಗೆ ಕೆಂಪಿದ್ದು ತೂತಿನೊಳಗೆ ಬಿಳಿಯಿದ್ದರೆ ಅದು ಮೇಲೆ ಬಳಿದ ಬಣ್ಣ, ತೂತಿನೊಳಗೂ ಕೆಂಪೇ ಇದ್ದರೆ ಗಾಜೇ ಕೆಂಪು. ಎರಡು ಪೊಟ್ಟಣವನ್ನು ಅವಳು ಪಕ್ಕಕ್ಕೆ ತಳ್ಳಿದಳು. ಅಂಗಡಿಯವರು ಕನ್ನಡಕ ಏರಿಸಿಕೊಂಡು ಅವಳನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ಹಳೆಯ ಡಬ್ಬಿ ತಂದರು.

“ಇದು ನೋಡು ಮೋಳೆ, ನಲ್ಲ ಸಾಧನಂ. ಇದು ಕೇಳೋರು ಈಗ ಯಾರೂ ಇಲ್ಲ” ಎಂದರು. ಮೋಳೆ ಎಂದರೆ ಅವರಲ್ಲಿ ಮಗಳೇ ಎಂದಂತೆ, ನಲ್ಲ ಸಾಧನಂ ಎಂದರೆ ಒಳ್ಳೇ ಮಾಲು. ದಾಳಿಂಬೆ ಕಾಳಿನಂಥ ಮಣಿ, ಒಳಗೂ ಹೊರಗೂ ಒಂದೇ ಕೆಂಪು. ಹಳೆಯದನ್ನು ವಾಪಸು ತೆಗೆದುಕೊಂಡು ಅದನ್ನೇ ಕೊಟ್ಟರು. ಬಸ್ಸಿನಲ್ಲಿ ಬರುವಾಗ ನಾನು ಅವಳನ್ನು ಕದ್ದು ಕದ್ದು ನೋಡುತ್ತಿದ್ದೆ. ನಾಲ್ಕು ಜನರ ಮುಂದೆ ಮಾತೇ ಹೊರಡದ ಹುಡುಗಿ ಇವಳೇನಾ ಎಂದು.

ಮಂಗಳವಾರ ದಾರದ ಕೆಲಸ. ನೈಲಾನ್ ದಾರ ಗಟ್ಟಿಯೇನೋ ಹೌದು, ಆದರೆ ನುಣುಪು. ಗಂಟು ಸರಿಯಾಗಿ ಬೀಳದಿದ್ದರೆ ಮೆಲ್ಲಗೆ ಜಾರಿಕೊಳ್ಳುತ್ತದೆ, ಮಕ್ಕಳ ಕತ್ತನ್ನು ಕೊರೆಯುತ್ತದೆ ಎಂದು ಅವಳು ಹತ್ತಿಯ ನೂಲನ್ನೇ ಆರಿಸಿದಳು. ಮೂರೆಳೆ ನೂಲು ಸೇರಿಸಿ ಹೊಸೆದು, ಅದಕ್ಕೆ ಜೇನುಮೇಣ ಹಚ್ಚಬೇಕು. ಮೇಣ ಹಚ್ಚಿದರೆ ಎಳೆ ಬಿಡುವುದಿಲ್ಲ, ಸಿಕ್ಕಾಗುವುದಿಲ್ಲ, ಬೆವರನ್ನೂ ಬೇಗ ಹೀರುವುದಿಲ್ಲ.

“ಅಜ್ಜಿ, ನಿನ್ ಕೈಲಿ ಹೊಸೆದಂಗ ನಂಗ ಬರಲ್ಲ. ನೀ ಹೊಸ್ದು ಮೇಣ ಹಚ್ಚಿ ಕೊಡು” ಎಂದಳು.

ನನಗೆ ಆನೆ ಬಲ ಬಂತು. ತೊಡೆಯ ಮೇಲೆ ನೂಲು ಹೊಸೆಯುತ್ತಾ ಕೂತೆ. ಇಲ್ಲೇ ನೋಡಿ ನನ್ನ ಎಡವಟ್ಟು ಶುರುವಾಗಿದ್ದು.

ನಾನು ಕರಿಮಣಿ ಪೋಣಿಸುವವಳು. ನಮ್ಮಲ್ಲಿ ಹೆಣ್ಣಿನ ಕೊರಳಿಗೆ ಹಾಕುವ ದಾರ ಬರಿ ಬಿಳಿಯಾಗಿರಬಾರದು. ಅರಿಸಿನದ ಕೊಂಬನ್ನು ಕಲ್ಲಿನ ಮೇಲೆ ತೇಯ್ದು, ಆ ಗಂಧದಲ್ಲಿ ದಾರವನ್ನು ಎಳೆದು, ಒಣಗಿಸಿ, ಆಮೇಲೇ ಮಣಿ. ನನ್ನತ್ತೆ ನನಗೆ ಹಾಗೆ ಕಲಿಸಿದ್ದರು. ಅವತ್ತಿನಿಂದ ನನ್ನ ಕೈಯಿಂದ ಒಂದು ದಾರವೂ ಬಿಳಿಯಾಗಿ ಹೋಗಿಲ್ಲ. ಹನ್ನೆರಡು ಹೆಣ್ಣುಮಕ್ಕಳ ಕೊರಳು, ಶುಭಕ್ಕೆ ಹಾಕುವುದು. ಬಿಳಿ ದಾರ ಹೇಗೆ ಕೊಡಲಿ? ಅವಳು ಅಡುಗೆಮನೆಯಲ್ಲಿದ್ದಾಗ ನಮ್ಮ ಹಿತ್ತಲಿನ ಅರಿಸಿನವನ್ನೇ ತೇಯ್ದು ಅಷ್ಟು ದಾರಕ್ಕೂ ಹಚ್ಚಿ, ಒಣಗಿಸಿ, ಮೇಲೆ ಮೇಣ ಎಳೆದೆ. ಜೇನುಮೇಣವೂ ಹಳದಿ, ಅರಿಸಿನವೂ ಹಳದಿ. ಅವಳಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಮುಚ್ಚಿಡಬೇಕು ಅಂತ ಅಲ್ಲ, ಅದು ಹೇಳಬೇಕಾದ ವಿಷಯ ಎಂದೇ ನನಗೆ ಹೊಳೆಯಲಿಲ್ಲ.

ಬುಧವಾರ, ಗುರುವಾರ ಪೋಣಿಸುವ ಕೆಲಸ. ಅವಳ ಕೆಲಸದ ಅಚ್ಚುಕಟ್ಟು ನೋಡಬೇಕಿತ್ತು. ತಟ್ಟೆಯಲ್ಲಿ ಹಳೆ ಕಂಬಳಿಯ ತುಂಡು ಹಾಸಿ ಅದರ ಮೇಲೆ ಮಣಿ ಸುರಿದುಕೊಂಡಳು. ಕಂಬಳಿಯ ಮೇಲೆ ಮಣಿ ಉರುಳುವುದಿಲ್ಲ, ಸೂಜಿ ಮೊನೆಗೆ ತಾನಾಗೇ ಬಂದು ಕೂರುತ್ತದೆ. ನಾನು ಇಷ್ಟು ವರ್ಷ ಸ್ಟೀಲ್ ತಟ್ಟೆಯಲ್ಲಿ ಮಣಿ ಹಾಕಿಕೊಂಡು ಅದರ ಹಿಂದೆ ಮಂಚದಡಿ ತೆವಳಿದ್ದೇನೆ! ತುದಿಯಿಂದ ಶುರುಮಾಡದೆ, ನಡುವಿನ ಕೆಂಪು ಮಣಿಯನ್ನು ದಾರದ ಮಧ್ಯಕ್ಕೆ ತಂದು, ಎರಡೂ ಕಡೆಗೆ ಒಂದೇ ಸಮ ಪೋಣಿಸುತ್ತಾ ಹೋದಳು. ಹಾಗೆ ಮಾಡಿದರೆ ಎಡಬಲ ಹೆಚ್ಚುಕಡಿಮೆ ಆಗುವುದಿಲ್ಲ. ಪರೀಕ್ಷೆ ಬರೆಯಲು ತೆಗೆದುಕೊಂಡಿದ್ದ ರಟ್ಟಿನ ಪ್ಯಾಡು ಮೂಲೆಯಲ್ಲಿ ಬಿದ್ದಿತ್ತಲ್ಲ, ಅದರ ಮೇಲೆ ಪೆನ್ನಿನಲ್ಲಿ ಸರದ ಉದ್ದಕ್ಕೆ ಗೆರೆ ಹಾಕಿಕೊಂಡು, ಒಂದೊಂದು ಸರವನ್ನೂ ಅದರ ಮೇಲಿಟ್ಟು ಅಳೆದಳು.

ಕೊನೆಯಲ್ಲಿ ಕೊಂಡಿ ಕಟ್ಟುವಾಗ ದಾರವನ್ನು ಬಿಗಿಯಾಗಿ ಎಳೆಯಲಿಲ್ಲ. “ಒಂದ್ ಮಣಿ ಕೂರೋವಷ್ಟು ಜಾಗ ಬುಡ್ಬೇಕಜ್ಜಿ. ಬಿಗಿ ಮಾಡುದ್ರ ಸರ ಕಡ್ಡಿಯಂಗ ನಿಂತ್ಕತದ, ಬಗ್ಗುದಾಗ ಮಣಿ ಅಂಚು ದಾರವ ಕುಯ್ತದ” ಎಂದಳು. ನಾನು ಹೂಂ ಎಂದೆ. ಬೀದಿಯ ಹೆಂಗಸರ ಕರಿಮಣಿ ಯಾಕೆ ವರ್ಷ ತುಂಬುವುದರೊಳಗೆ ನನ್ನ ಹತ್ತಿರ ವಾಪಸು ಬರುತ್ತಿತ್ತು ಎಂದು ಅವತ್ತು ತಿಳಿಯಿತು.

ಗುರುವಾರ ಹೊತ್ತು ಮುಳುಗುವುದರೊಳಗೆ ಹನ್ನೆರಡೂ ಮುಗಿದವು. ಗೋಡೆಯ ಮೊಳೆಗೆ ಸಾಲಾಗಿ ನೇತುಹಾಕಿದಳು. ಬಿಳಿ, ಹರಳು, ನಡುವೆ ಕೆಂಪು. ಊಟಕ್ಕೆ ಬಂದ ಮಗ ಅದನ್ನು ನೋಡಿ ರೇಗಿಸುವುದು ಬಿಟ್ಟು, ಒಂದು ಸರವನ್ನು ಬೆರಳಲ್ಲಿ ಎತ್ತಿ ತೂಗಿದ. ಇನ್ನೂ ಎರಡು ದಿನ ಕೈಯಲ್ಲಿತ್ತು. ನಮ್ಮ ಕೆಲಸ ಮುಗಿದಂತೆಯೇ ಎಂದು ನಾನು ಅಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಅವಳು ಬಟ್ಟಲಲ್ಲಿ ಸೋಪಿನ ನೀರು ಮಾಡಿಕೊಂಡಳು. ಪೋಣಿಸುವಾಗ ಕೈಯ ಜಿಡ್ಡು, ಮೇಣದ ಜಿಡ್ಡು ಮಣಿಗೆ ಹತ್ತಿರುತ್ತದೆ, ಒಂದು ಸಲ ಅದ್ದಿ ತೆಗೆದರೆ ಹೊಳಪು ಬರುತ್ತದೆ ಎಂದು ಮೇಡಂ ಹೇಳಿಕೊಟ್ಟಿದ್ದರಂತೆ. ಮೊದಲ ಸರವನ್ನು ಅದ್ದಿದಳು, ಬೆರಳಿಂದ ತಿಕ್ಕಿದಳು, ಎತ್ತಿದಳು. ಹರಳು ಮಣಿಗಳ ಒಳಗೆಲ್ಲ ಕೆಂಪು. ರಕ್ತ ಹರಿದಂತೆ ಕೆಂಪು. ಬಟ್ಟಲಿನ ನೀರೂ ಕೆಂಪು.

“ಅಯ್ಯೋ! ಆ ಅಂಗ್ಡಿಯವ್ರು ಮೋಸ ಮಾಡ್ಬುಟ್ರು ಕಣವ್ವಾ!” ಎಂದು ಕೂಗಿದಳು. “ಈ ಕೆಂಪು ಮಣೀನೂ ಬಣ್ಣ ಬಿಡ್ತಾ ಅದ. ನಂದೇ ತಪ್ಪು, ಇದ ಬಟ್ಟೇಲಿ ಕಟ್ಟಿ ನೋಡ್ಲೇ ಇಲ್ಲ. ತೂತು ನೋಡಿ ನಂಬ್ಬುಟ್ಟೆ.”

ಸೊಸೆ ಓಡಿಬಂದಳು. “ಈಗ್ಲೇ ಗುಂಡ್ಲುಪೇಟೆಗೆ ಓಗನ ನಡಿ. ಆ ಮನ್ಸನ ಮುಖಕ್ಕೆ ಎಸ್ದು ಬರನ” ಎಂದು ಸೀರೆ ಸರಿಮಾಡಿಕೊಂಡಳು.

ನನಗೆ ಮಾತ್ರ ನೋಡಿದ ತಕ್ಷಣ ಗೊತ್ತಾಯಿತು. ಅದು ಮಣಿಯ ಕೆಂಪಲ್ಲ, ಆರತಿಯ ಕೆಂಪು. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿ ತಟ್ಟೆಗೆ ಕೆಂಪು ನೀರು ಮಾಡುತ್ತೇವಲ್ಲ, ಅದೇ ಕೆಂಪು. ಸುಣ್ಣ ಮಾಡುವ ಕೆಲಸವನ್ನು ಸೋಪು ಮಾಡಿತ್ತು. ಎಷ್ಟು ಮದುವೆಗೆ ಎಷ್ಟು ಆರತಿ ಕಲಸಿದವಳು ನಾನು! ದಾರಕ್ಕೆ ಹಚ್ಚುವಾಗ ಹೊಳೆಯಲಿಲ್ಲ.

ನಿಜ ಹೇಳುತ್ತೇನೆ, ಒಂದು ಗಳಿಗೆ, ತಪ್ಪು ಅಂಗಡಿಯವರ ಮೇಲೆ ಹೋದರೆ ಹೋಗಲಿ ಎಂದು ಮನಸ್ಸು ಹೇಳಿತು. ಆದರೆ ಆ ಹುಡುಗಿ ತನ್ನನ್ನೇ ಬೈದುಕೊಳ್ಳುತ್ತಾ ನೆಲದ ಮೇಲೆ ಕುಸಿದು ಕೂತಿದ್ದಳಲ್ಲ, ಅದನ್ನು ನೋಡಲಾಗಲಿಲ್ಲ.

“ಮಗಾ, ಮಣೀದಲ್ಲ ಅದು. ನಾನು ದಾರಕ್ಕ ಅರಿಸ್ನ ಹಚ್ಚಿದ್ದೆ” ಎಂದೆ.

ಅವಳು ತಲೆ ಎತ್ತಿದಳು. “ಅರಿಸ್ನವಾ? ಯಾಕಜ್ಜಿ?”

“ಹೆಣ್ಕೂಸುಗಳ ಕೊರಳ್ಗೆ ಬಿಳೀ ದಾರ ಎಂಗ್ ಹಾಕದು ಅಂತ.”

“ಹನ್ನೆರಡಕ್ಕೂವಾ?”

“ಹನ್ನೆರಡಕ್ಕೂ ಕಣ ಮಗಾ. ಕೈಪಟ್ಟಿಗೂವ.”

ಸೊಸೆ ತಲೆಯ ಮೇಲೆ ಕೈ ಹೊತ್ತಳು. ನಾನು ನೆಲ ನೋಡುತ್ತಾ ನಿಂತೆ. ಮೊಮ್ಮಗಳು ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಆ ಸರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: “ಅರಿಸ್ನ ಆದ್ರ ಎಂಗ್ ಓಯ್ತದಜ್ಜಿ? ಅದ ಹೇಳು.”

ಬೈಗುಳ ಇಲ್ಲ, ಗೋಳಾಟ ಇಲ್ಲ. ಮೊದಲು ಕೇಳಿದ್ದು ದಾರಿ! ನನ್ನ ಕಣ್ಣಲ್ಲಿ ನೀರು ಬಂದಿದ್ದು ಆವಾಗ.

ಸೊಸೆ ಒಂದು ಉಪಾಯ ಹೇಳಿದಳು. “ಒಂದೇ ತಾನೇ ತೊಳ್ದಿರದು. ಮಿಕ್ಕಿದ್ ಹನ್ನೊಂದು ತೊಳೀದೆ ಹಂಗೇ ಕೊಟ್ಬುಡು, ಇದೊಂದ್ನ ಬ್ಯಾರೆ ಮಾಡು. ಹಳದಿ ಯಾರ್ಗೂ ಕಾಣಲ್ಲ.” ನನಗೂ ಅದೇ ಸರಿ ಎನಿಸಿತು, ತಲೆಯಾಡಿಸಿದೆ.

“ಕಾಣಲ್ಲ, ಕುಣಿಯೋ ಗಂಟ” ಎಂದಳು ಮೊಮ್ಮಗಳು. “ಬೆವ್ರು ಬಂದ್ ಮ್ಯಾಲ ರವಿಕೆ ಕತ್ತೆಲ್ಲ ಹಳದಿ. ಅವರಮ್ಮ ಸೋಪಾಕಿ ಒಗುದ್ರ ಕೆಂಪು. ಯಾರ್ ಮನೆ ಬಟ್ಟೆಯೋ ಏನೋ, ಸಾಲ ಮಾಡಿ ಹೊಲ್ಸಿರ್ತಾರೋ ಏನೋ. ಬ್ಯಾಡವ್ವ. ಎಲ್ಲಾನೂ ಬಿಚ್ಚನ.”

ಹಾಗೆಂದವಳೇ ಕತ್ತರಿ ತೆಗೆದುಕೊಂಡಳು. ಎರಡು ದಿನ ಬೆನ್ನು ಬಗ್ಗಿಸಿ ಮಾಡಿದ್ದ ಕೆಲಸ.

ನಾನು ಅವಳ ಕೈ ಹಿಡಿದೆ. “ತಡಿ ಕಣಮ್ಮಿ, ಕತ್ರಿಸ್ಬ್ಯಾಡ. ಇದು ನಂಗ ಗೊತ್ತಿರೋ ಕೆಲ್ಸ.”

ಹಳೆ ಕರಿಮಣಿಗೆ ಹೊಸ ದಾರ ಹಾಕುವಾಗ ನಾವು ಮಣಿಯನ್ನು ದಾರದಿಂದ ಬೇರೆ ಮಾಡುವುದಿಲ್ಲ. ಸುಮಂಗಲಿಯ ಮಣಿ ನೆಲಕ್ಕೆ ಚೆಲ್ಲಬಾರದು, ದಾರ ತಪ್ಪಬಾರದು. ಹಳೆ ದಾರದ ತುದಿಯ ಎಳೆಗಳನ್ನು ಬಿಡಿಸಿ, ಹೊಸ ದಾರದ ತುದಿಯ ಎಳೆಗಳನ್ನೂ ಬಿಡಿಸಿ, ಎರಡನ್ನೂ ಒಂದರೊಳಗೊಂದು ಸೇರಿಸಿ ಹೊಸೆದು, ಸ್ವಲ್ಪ ಮೇಣ ಒತ್ತಿದರೆ ಗಂಟಿಲ್ಲದ ಒಂದೇ ದಾರ ಆಗುತ್ತದೆ. ಆಮೇಲೆ ಮಣಿಗಳನ್ನು ಹಳೆಯದರಿಂದ ಹೊಸದಕ್ಕೆ ಮೆಲ್ಲಗೆ ದಾಟಿಸುವುದು. ಯಾವ ಮಣಿಯೂ ಸಾಲು ತಪ್ಪುವುದಿಲ್ಲ. ಮತ್ತೆ ಎಣಿಸಬೇಕಾಗಿಲ್ಲ, ಆರಿಸಬೇಕಾಗಿಲ್ಲ.

ಕೊಂಡಿಯ ಹತ್ತಿರ ಮಾತ್ರ ಬಿಚ್ಚಿ, ಒಂದು ಎಳೆ ಮಾಡಿ ತೋರಿಸಿದೆ. ಬಿಳಿ, ಹರಳು, ಕೆಂಪು, ಶಾಲೆ ಬಿಟ್ಟ ಮಕ್ಕಳು ಸಾಲಾಗಿ ಸೇತುವೆ ದಾಟಿದ ಹಾಗೆ ಈಚೆ ದಾರಕ್ಕೆ ಬಂದವು. ಅವಳು ಬಾಯಿಬಿಟ್ಟು ನೋಡಿದಳು.

“ಅಜ್ಜೀ! ಇದ ನಮ್ ಮೇಡಂಗೂ ಗೊತ್ತಿಲ್ಲ ಕಣಜ್ಜಿ!”

“ಅರಿಸ್ನ ಹಚ್ಬಾರ್ದು ಅಂತ ನಂಗೂ ಗೊತ್ತಿರ್ಲಿಲ್ಲ, ಬುಡು” ಎಂದೆ. ಆಗ ಅವಳು ನಕ್ಕಳು. ಅವಳು ನಕ್ಕಿದ್ದು ನೋಡಿ ಸೊಸೆಯೂ ನಕ್ಕಳು. ಮನೆ ಮತ್ತೆ ಮನೆಯಾಯಿತು.

ನಾನು ಬಿಳಿ ನೂಲು ಹೊಸೆದು ಕೊಟ್ಟೆ. ಈ ಸಲ ಮೇಣ ಮಾತ್ರ. ಸೊಸೆ ಎಳೆ ಬಿಡಿಸಿ ಕೊಟ್ಟಳು, ಮೊಮ್ಮಗಳು ದಾಟಿಸಿದಳು. ಐದು ಸರ ಆಗುವಷ್ಟರಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕಾಯಿತು. ಒಂದು ಕಡೆ ಹೊಸೆದದ್ದು ಬಿಟ್ಟುಕೊಂಡು ಮಣಿ ಪಟಪಟನೆ ಚೆಲ್ಲಿದವು. ಅವಳು ಬೈಯದೆ, ಕಂಬಳಿ ತುಂಡನ್ನು ಮೊದಲೇ ಕೆಳಗೆ ಹಾಸಿಕೊಳ್ಳಬೇಕಿತ್ತು ಎಂದು ಹೇಳಿ ಹಾಸಿಕೊಂಡಳು. ತಪ್ಪಾದ ಕೂಡಲೇ ಮುಂದೆ ಆಗದಂತೆ ಏನು ಮಾಡಬೇಕೆಂದು ಅವಳ ತಲೆ ಓಡುತ್ತಿತ್ತು. ಶುಕ್ರವಾರ ಎಂಟು ಸರ ಮುಗಿದವು, ಶನಿವಾರ ಬೆಳಿಗ್ಗೆ ಎದ್ದ ತಕ್ಷಣ ಮಿಕ್ಕ ನಾಲ್ಕು ಸರ, ಕೈಪಟ್ಟಿಗಳು.

ಆದರೂ ಮಣಿಯ ತೂತಿನೊಳಗೆ ಅರಿಸಿನ ಸ್ವಲ್ಪ ಉಳಿದಿತ್ತು. ನೀರು ಕೆಂಪಾಗುವುದು ನಿಲ್ಲುವವರೆಗೆ ಸೋಪಿನಲ್ಲಿ ಜಾಲಿಸಿದೆವು, ಆಮೇಲೆ ಬರಿ ನೀರಲ್ಲಿ. ಕೊನೆಗೆ ಮೊರದಲ್ಲಿ ಹರಡಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆವು. ಅರಿಸಿನದ ಕಲೆಯನ್ನು ಸೋಪಿಗಿಂತ ಬಿಸಿಲು ಚೆನ್ನಾಗಿ ತೆಗೆಯುತ್ತದೆ. ಮಕ್ಕಳ ಬಿಳಿ ಬಟ್ಟೆಗೆ ಸಾರು ಚೆಲ್ಲಿದಾಗ ಇದನ್ನು ಮಾಡಿ ನೋಡಿ. ಹೊಳೆಯುವ ವಸ್ತು ಕಂಡರೆ ಕಾಗೆ ಬಿಡುತ್ತದೆಯೇ? ನಮ್ಮ ಯಜಮಾನರು ತಲೆಗೆ ಟವೆಲ್ ಸುತ್ತಿಕೊಂಡು, ಕೋಲು ಹಿಡಿದು ಮೊರದ ಪಕ್ಕ ಮಧ್ಯಾಹ್ನವೆಲ್ಲ ಕಾವಲು ಕೂತರು. ಅವರದು ಮಾತು ಕಡಿಮೆ. “ಎಲ್ಲಾ ಎಣ್ಸಿವ್ನಿ, ಒಂದೂ ಓಗಿಲ್ಲ” ಎಂದಷ್ಟೇ ಹೇಳಿ ಸಂಜೆ ಮೊರ ಕೆಳಗಿಳಿಸಿದರು. ಒಳಗಿದ್ದ ಹಳದಿ ಮಾಯ. ಹರಳು ಮಣಿ ತಿಳಿ ನೀರಿನಂತಿತ್ತು.

ಕೊಂಡಿಯ ಗಟ್ಟಿ ಗಂಟುಗಳನ್ನು ಕೊನೆಗೆ ಅವಳೇ ಹಾಕಿದಳು. ಒಂದು ಗಂಟು, ಅದರ ಮೇಲೆ ಎದುರು ದಿಕ್ಕಿಗೆ ಇನ್ನೊಂದು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಷಿನ ಒಂದು ತೊಟ್ಟು. ಮಿಕ್ಕ ತುದಿಯನ್ನು ಕತ್ತರಿಸಿ ಬಿಸಾಡದೆ, ಕೊನೆಯ ಎರಡು ಮಣಿಯೊಳಗೆ ವಾಪಸು ತೂರಿಸಿದಳು. ಆಮೇಲೆ ಒಂದೊಂದು ಸರವನ್ನೂ ಮೊಳೆಗೆ ಹಾಕಿ, ಕೆಳಗೆ ನಮ್ಮ ಬಾಗಿಲಿನ ದೊಡ್ಡ ಬೀಗವನ್ನು ನೇತುಹಾಕಿ, ಹಿಡಿದು ಅಲುಗಾಡಿಸಿದಳು. ಹನ್ನೆರಡೂ ತಡೆದವು. ಹಳೆ ಮದುವೆ ಪತ್ರಿಕೆಗಳ ದಪ್ಪ ಕಾಗದವನ್ನು ಮಡಚಿ ಪೆಟ್ಟಿಗೆ ಮಾಡಿ, ಸರಗಳು ಒಂದಕ್ಕೊಂದು ಸಿಕ್ಕಾಗದಂತೆ ಎರಡು ಕಡೆ ದಾರದಲ್ಲಿ ರಟ್ಟಿಗೆ ಹೊಲಿದಳು. ಕೆಂಪು ದಾರದ ಆ ಹಾಳು ತುಂಡೊಂದನ್ನು ಮಾತ್ರ ಕಾಗದದಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ಕೇಳಲು ನನಗೆ ಮುಖ ಇರಲಿಲ್ಲ.

ಭಾನುವಾರ ನಾನೂ ಚಾಮರಾಜನಗರಕ್ಕೆ ಹೋದೆ. ಬೆಳಿಗ್ಗೆ ಆಭರಣ ಒಪ್ಪಿಸಿದೆವು. ಸಂಜೆ ಶಾಲೆಯಲ್ಲಿ ಕೋಲಾಟ ನಡೆದಷ್ಟು ಹೊತ್ತೂ ನಾನು ಮಕ್ಕಳ ಮುಖ ನೋಡಲಿಲ್ಲ, ಕಾಲಡಿಯ ನೆಲವನ್ನೇ ನೋಡುತ್ತಿದ್ದೆ, ಎಲ್ಲಿ ಮಣಿ ಉರುಳುತ್ತದೋ ಎಂದು. ಒಂದೂ ಉರುಳಲಿಲ್ಲ. ಆದರೆ ಆ ಇನ್ನೊಬ್ಬ ಹುಡುಗಿಯ ಸರಗಳಿಂದಲೂ ಒಂದೂ ಉರುಳಲಿಲ್ಲ. ಅನ್ಯಾಯವಾಗಿ ಹೇಳಬಾರದು, ಅವಳ ಕೆಲಸ ಬಹಳ ಚೆನ್ನಾಗಿತ್ತು, ದೀಪದ ಬೆಳಕಿಗೆ ಇನ್ನೂ ಹೆಚ್ಚು ಹೊಳೆಯುತ್ತಿತ್ತು.

ಎಲ್ಲ ಮುಗಿದ ಮೇಲೆ ಮೇಡಂ ಇಬ್ಬರನ್ನೂ ಕೂರಿಸಿಕೊಂಡರು. ನಾನು ಬಾಗಿಲ ಹತ್ತಿರ ಕೂತೆ. “ಈ ಕೆಲಸದಲ್ಲಿ ನಿಮಗೆ ಏನೇನು ತೊಂದರೆ ಆಯ್ತು, ಹೇಳಿ” ಎಂದರು.

ಆ ಹುಡುಗಿ “ಏನೂ ಆಗಲಿಲ್ಲ ಮೇಡಂ, ಸುಲಭವಾಗಿ ಮುಗೀತು” ಎಂದಳು.

ಇವಳು ಚೀಲದಿಂದ ಆ ಕೆಂಪು ದಾರ ತೆಗೆದು ಮೇಜಿನ ಮೇಲಿಟ್ಟಳು. ಬಟ್ಟೆಯಲ್ಲಿ ಮಣಿ ಕಟ್ಟಿದ್ದು, ತೂತು ಕೆರೆದು ನೋಡಿದ್ದು, ಅರಿಸಿನ, ಸೋಪು, ದಾರ ದಾಟಿಸಿದ್ದು, ಬಿಸಿಲು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು. “ದಾರ ಯಾತಕ್ಕೆ, ಅದನ್ನ ತೊಳೀತೀನಾ ಇಲ್ವಾ ಅಂತ ನಾನು ಹೇಳ್ದೇನೇ ಕೆಲಸ ಕೊಟ್ಬಿಟ್ಟೆ ಮೇಡಂ. ತಪ್ಪು ನಂದೇ” ಎಂದಳು.

ನನಗೆ ತಡೆಯಲಾಗಲಿಲ್ಲ. ಬಾಗಿಲಿಂದಲೇ ಕೂಗಿದೆ: “ಸುಳ್ಳು ಕಣ್ರವ್ವಾ! ಅರಿಸ್ನ ಹಚ್ದೋಳು ನಾನು!”

ಮೇಡಂ ನಗುತ್ತಾ ಎದ್ದು ಬಂದು ನನ್ನನ್ನು ಒಳಗೆ ಕರೆದು, “ಅಜ್ಜಿ, ಆ ದಾರ ಹೊಸೆಯೋದನ್ನ ನನಗೂ ತೋರಿಸಿ” ಎಂದರು. ತೋರಿಸಿದೆ. ಮೂರನೇ ಸಲಕ್ಕೆ ಅವರಿಗೂ ಬಂತು. ತೀರ್ಮಾನ ಮಾತ್ರ ಹೇಳಲಿಲ್ಲ. ತಿಳಿಸುತ್ತೇವೆ ಎಂದರು.

ಆಮೇಲಿನ ದಿನಗಳನ್ನು ನಾವು ಹೇಗೆ ಕಳೆದೆವೋ ನಮಗೇ ಗೊತ್ತು. ಮಗನ ಮೊಬೈಲು ಸದ್ದು ಮಾಡಿದಾಗಲೆಲ್ಲ ಮೂರು ಹೆಂಗಸರೂ ಓಡುತ್ತಿದ್ದೆವು. ಮೊನ್ನೆ ಬರಹೇಳಿ ಫೋನು ಬಂತು. ನಿನ್ನೆ ಅವಳು ಹೋಗಿ ಬಂದಳು. ಮೇಡಂ ಹೇಳಿದ್ದಿಷ್ಟಂತೆ: “ಇಬ್ಬರ ಕೈಯೂ ಒಂದೇ ಅಮ್ಮಾ. ಆದರೆ ಇಲ್ಲಿ ಕಲಿಯೋಕೆ ಬರೋರು ದಿನಾ ಒಂದಲ್ಲ ಒಂದು ತಪ್ಪು ಮಾಡ್ತಾರೆ. ತಪ್ಪಾದಾಗ ಏನು ಮಾಡಬೇಕು ಅಂತ ಗೊತ್ತಿರೋಳು ನನಗೆ ಬೇಕು.”

ಸಂಜೆ ಮಗ ಕೆಲಸದಿಂದ ಬಂದ. ಅವನು ಕಂಬದ ಮೇಲಿದ್ದಾಗಲೇ ಕೆಳಗಿಂದ ಯಾರೋ ಕೂಗಿ ಹೇಳಿದರಂತೆ. ಇಳಿದವನೇ ಅಂಗಡಿಗೆ ಹೋಗಿ ಮೈಸೂರು ಪಾಕಿನ ಪೊಟ್ಟಣ ತಂದಿದ್ದ. ಅದನ್ನು ಮಗಳ ಕೈಗೆ ಕೊಟ್ಟು, “ಕೈಕಾಲ್ ತೊಳ್ಕ ಬತ್ತೀನಿ” ಎಂದು ಹಿತ್ತಲಿಗೆ ಹೋದ. ಬಹಳ ಹೊತ್ತು ನೀರಿನ ಸದ್ದೇ ಕೇಳುತ್ತಿತ್ತು.

ನಮ್ಮ ಮನೆಯಲ್ಲಿ ಊಟ ಗಂಡಸರದು ಮೊದಲು, ಸೊಸೆಯದು ಕೊನೆಗೆ. ನಿನ್ನೆ ಮಗನೇ ಐದು ತಟ್ಟೆ ಒಂದೇ ಸಾಲಿಗೆ ಇಟ್ಟ. ಮುದ್ದೆ, ಅವರೆಕಾಳಿನ ಸಾರು, ಅನ್ನ, ಶಾವಿಗೆ ಪಾಯಸ, ಎಲ್ಲವನ್ನೂ ನಡುವೆ ತಂದಿಟ್ಟುಕೊಂಡೆವು.

“ಸೋಮವಾರ ಎಷ್ಟೊತ್ಗೆ ಬಸ್ಸು?” ಎಂದ ಮಗ.

“ಏಳೂವರೆಗಪ್ಪಾ.”

“ನಡ್ಕಂಡ್ ಓಗ್ಬ್ಯಾಡ, ಗಾಡೀಲಿ ನಾನೇ ಬಿಡ್ತೀನಿ. ಟೀಚರಮ್ಮ ದೂಳು ಮೆತ್ಕಂಡು ಕ್ಲಾಸಿಗೆ ಓಗದಾ?”

ಅವಳು ತಟ್ಟೆಯ ಮೇಲೆ ಬಗ್ಗಿ ನಗುತ್ತಿದ್ದಳು. ನಮ್ಮ ಯಜಮಾನರು ತಮ್ಮ ಪಾಲಿನ ಮೈಸೂರು ಪಾಕನ್ನು ಅವಳ ತಟ್ಟೆಗೆ ದಾಟಿಸಿದರು. ಸೊಸೆ ಮೊದಲ ಸಲ ಬಿಸಿ ಮುದ್ದೆ ಉಣ್ಣುತ್ತಾ, ಬಿಸಿಯಾಗಿದ್ದರೆ ಎಷ್ಟು ರುಚಿ ಎಂದಳು. ಸಂಜೆ ಅರ್ಧ ಮುದ್ದೆಗಿಂತ ಹೆಚ್ಚು ಉಣ್ಣದ ನಾನು ಒಂದು ಮುಗಿಸಿ, ತಟ್ಟೆ ಮುಂದಕ್ಕೆ ಚಾಚಿ ಇನ್ನೊಂದು ಹಾಕಿಸಿಕೊಂಡೆ.